ನೀವು ಮುಟ್ಟಬೇಡ ಎಂದ ಲ್ಯಾಪ್‌ಟಾಪ್

ಅಡುಗೆಮನೆಯ ಮೇಜಿನಿಂದ,
ಬುಧವಾರ, ಜೂನ್ ೧೧

ಪುಟ್ಟಿಯ ಅಪ್ಪನಿಗೆ ಪ್ರೀತಿಯಿಂದ,

ಹೇಗಿದ್ದೀರಿ? ಕೆಲಸದ ಸೈಟಿನ ಧೂಳಿಗೆ ಹತ್ತಿದ ಕೆಮ್ಮು ಇಳಿಯಿತೇ? ಬಿಸಿನೀರು ಕುಡಿಯಿರಿ ಎಂದರೆ ತಲೆಯಾಡಿಸುತ್ತೀರಿ, ಕುಡಿಯುವುದಿಲ್ಲ, ಗೊತ್ತು. ಪುಟ್ಟಿಗೆ ಮೇಲಿನ ಹಲ್ಲುಗಳು ಬರುತ್ತಿವೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಅತ್ತೆ ಆರಾಮ. ನನ್ನ ನಿದ್ದೆಯ ಸುದ್ದಿ ಕೇಳಬೇಡಿ. ಮಗು ಅತ್ತರೆ ಯಾಕೆ ಅಳುತ್ತಿದೆ ಎಂದು ಎಚ್ಚರ, ಸುಮ್ಮನಿದ್ದರೆ ಯಾಕೆ ಸುಮ್ಮನಿದೆ ಎಂದು ಎಚ್ಚರ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ. ಕಾಗದವಾದರೆ ಕೊನೆಯವರೆಗೆ ಕೇಳಲೇಬೇಕು.

ವಿಷಯ, ಮಂಚದಿಂದ ಬಿದ್ದ ನನ್ನ ಲ್ಯಾಪ್‌ಟಾಪಿನದು. ಪರದೆ ಬೆಳಗುತ್ತಿತ್ತು, ಕೀಬೋರ್ಡ್ ಮಾತ್ರ ಸತ್ತಿತ್ತು. ಆಫೀಸಿನವರು ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳುತ್ತೀರೋ ಇಲ್ಲವೋ ಎಂದು ಈ ವಾರದೊಳಗೆ ಉತ್ತರ ಕೇಳಿದ್ದರು, ನನ್ನ ನಕ್ಷೆಗಳೆಲ್ಲ ಅದರೊಳಗೇ. ಅಂಗಡಿಯವನು "ಒಳಗಿನ ಕನೆಕ್ಟರ್ ಹೋಗಿದೆ ಮೇಡಂ, ಬೋರ್ಡೇ ಬದಲಾಯಿಸ್ಬೇಕು" ಎಂದ. ನೀವು, "ಹೇಗೂ ಕೆಲಸ ಬಿಡ್ತೀಯಲ್ಲ, ಈಗ ಅದ್ಯಾಕೆ? ನಾನು ಬಂದ್ಮೇಲೆ ನೋಡ್ತೀನಿ, ನೀನು ಮುಟ್ಟಬೇಡ" ಎಂದಿರಿ. ನೀವು ಬಂದ ಮೇಲೆ ನೋಡಬೇಕಾದವುಗಳಲ್ಲಿ ಬಚ್ಚಲಿನ ನಲ್ಲಿಯೂ ಇದೆ, ಮದುವೆಯಾದ ವರ್ಷದಿಂದ ತೊಟ್ಟಿಕ್ಕುತ್ತಿದೆ. ಲ್ಯಾಪ್‌ಟಾಪನ್ನು ಮುಟ್ಟಿಯೇ ಬಿಟ್ಟೆ. ಊರಿಗೆಲ್ಲ ನೀರು ಹರಿಯುವ ಪೈಪುಗಳ ನಕ್ಷೆ ಬರೆಯುವವಳು ನಾನು. ಇಷ್ಟಗಲದ ಡಬ್ಬಿಯಲ್ಲಿ ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಕಾಣಲಾರೆನೇ?

ಮಧ್ಯಾಹ್ನ ಪುಟ್ಟಿ ಮಲಗಿದ ಮೇಲೆ ಶುರು. ಮೊದಲು ಬ್ಯಾಟರಿಯ ತಂತಿ ಬಿಡಿಸಿದೆ. ಸ್ಕ್ರೂಗಳನ್ನು, ಅವು ಎಲ್ಲಿದ್ದವೋ ಆ ಅಂದಾಜಿನಲ್ಲೇ, ಸೋಪಿನ ಬಿಲ್ಲೆಗೆ ಚುಚ್ಚಿಟ್ಟೆ. ಅತ್ತೆ ಟಾರ್ಚ್ ಹಿಡಿದರು. "ನನ್ನ ಮಗನಿಗೆ ಟಾರ್ಚ್ ಹಿಡಿಯೋಕೂ ಬರಲ್ಲ ಕಣೆ, ಬೆಳಕೆಲ್ಲ ತನ್ನ ಮುಖಕ್ಕೇ ಬಿಟ್ಕೋತಾನೆ" ಎಂದರು. ಕೀಬೋರ್ಡಿನಿಂದ ಬರುವ ರಿಬ್ಬನ್ನು, ಅಂದರೆ ಚಪ್ಪಟೆ ತಂತಿ, ತನ್ನ ಕನೆಕ್ಟರ್ ಗೂಡಿನಿಂದ ಓರೆಯಾಗಿ ಅರ್ಧ ಹೊರಬಂದಿತ್ತು. ಗೂಡಿನ ಮೇಲಿನ ಪುಟ್ಟ ಮುಚ್ಚಳ ಎತ್ತಿ ಅದನ್ನು ಎಳೆಯಬೇಕಂತೆ. ನಾನು ಸುಮ್ಮನೆ ಎಳೆದೆ, ಮುಚ್ಚಳ ಪಟ್ಟೆಂದು ಮುರಿಯಿತು. ಅಷ್ಟರಲ್ಲಿ ನೋಡಿದರೆ ಸೋಪಿನಲ್ಲಿ ಒಂದು ಸ್ಕ್ರೂ ಇಲ್ಲ, ಪುಟ್ಟಿ ಎದ್ದು ಏನೋ ಚೀಪುತ್ತಿದ್ದಾಳೆ. ಎಲ್ಲ ಬಿಟ್ಟು ಓಡಿದೆ. ಬೆರಳು ಹಾಕಿ ತಡಕಿದರೆ ಸಿಕ್ಕಿದ್ದು ಅವಳದೇ ಕಾಲುಚೀಲದ ದಾರ. ಸ್ಕ್ರೂ ಅತ್ತೆಯ ಕನ್ನಡಕದ ಡಬ್ಬಿಯ ಆಯಸ್ಕಾಂತಕ್ಕೆ ಅಂಟಿ ಹಾಯಾಗಿ ಕೂತಿತ್ತು. ಸಾಕಪ್ಪ, ಅಲ್ಲಿಗೇ ಬಿಡೋಣ ಎನಿಸಿತು. "ಬಿಡೋದಾದ್ರೆ ಬಿಚ್ಚಿದ್ದು ಯಾಕೆ?" ಎಂದರು ಅತ್ತೆ, ಟಾರ್ಚ್ ಆರಿಸದೆ.

ಮುಚ್ಚಳವಿಲ್ಲದ ಗೂಡಿನಲ್ಲಿ ರಿಬ್ಬನ್ನು ನಿಲ್ಲುವುದಿಲ್ಲ. ಒತ್ತಿ ಹಿಡಿಯಲು ತೆಳ್ಳಗಿನ ಪ್ಲಾಸ್ಟಿಕ್ ತುಂಡು ಬೇಕಿತ್ತು. ಹಾಲಿನ ಪ್ಯಾಕೆಟ್ ಮೆತ್ತಗೆ, ಹಳೇ ಕಾರ್ಡು ದಪ್ಪ. ಸರಿಹೊಂದಿದ್ದು ಹೆರಿಗೆಯ ದಿನ ಆಸ್ಪತ್ರೆಯವರು ನನ್ನ ಕೈಗೆ ಹಾಕಿದ್ದ ಪಟ್ಟಿ, ನೀವು ಜೋಪಾನವಾಗಿ ಬೀರುವಿನಲ್ಲಿ ಇಟ್ಟಿದ್ದು. 'ತಾಯಿ' ಎಂದು ಬರೆದ ಭಾಗ ಹಾಗೇ ಇದೆ, ಖಾಲಿ ತುದಿಯಲ್ಲಿ ಕತ್ತರಿಸಿದೆ. ನಿಮಗೆ ಬೇಸರವಾಗಬಹುದು, ಆಗಲಿ. ಕೈ ನನ್ನದು. ಈಗ ಕೀಲಿಗಳೆಲ್ಲ ನೆಟ್ಟಗೆ ಕೆಲಸ ಮಾಡುತ್ತಿವೆ.

ಪುಟ್ಟಿಯ ಜೊಲ್ಲಿನ ಮುತ್ತು, ಅತ್ತೆಯ ಆಶೀರ್ವಾದ. ಬಿಸಿನೀರು ಮರೆಯಬೇಡಿ.

ನಿಮ್ಮವಳು

ವಿ.ಸೂ.: ಪುಟ್ಟಿ ಎದ್ದಳು, ಬೇಗ ಬರೆಯುತ್ತೇನೆ. ರಿಪೇರಿಯಾದ ಮೇಲೆ ಮೊದಲು ಟೈಪ್ ಮಾಡಿದ್ದು ಆಫೀಸಿಗೆ. ನೀವು ಹೇಳಿದ ರಾಜೀನಾಮೆಯಲ್ಲ. ಮುಂದಿನ ತಿಂಗಳ ಒಂದರಿಂದ ಬರುತ್ತೇನೆ ಎಂದು. ಕಳಿಸಿಯೂ ಆಯಿತು. ಮೊದಲ ಎರಡು ವಾರ ನೀವು ರಜೆ ಹಾಕಿ ಬನ್ನಿ, ಮಗು ನೋಡಿಕೊಳ್ಳುವುದನ್ನು ಅತ್ತೆ ಕಲಿಸುತ್ತಾರಂತೆ. ಡೈಪರಿನ ಅಂಟನ್ನು ಮಾತ್ರ ನನ್ನ ಹಾಗೆ ಸುಮ್ಮನೆ ಎಳೆಯಬೇಡಿ. ಮೊದಲು ಅಂಚು ಎತ್ತಬೇಕು.