ಕಾಲೂರಬಾರದ ಬಂಡೆ

ಫೆಬ್ರವರಿ ಮೂವತ್ತು, ೨೨೧೭

ನಾನು ಕಂಡಿರದ ಅಜ್ಜಿ ನಳಿನಾಕ್ಷಿಯವರಿಗೆ, ನಿಮ್ಮ ಏಳನೇ ತಲೆಮಾರಿನ ಮೊಮ್ಮಗ ತಿಲಕನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಈ ಪೂರ್ವದ ಕಡಲಿನ ಸುತ್ತ ಇರುವ ಮೂರು ದೇಶಗಳಿಗೆ ಯಾವುದರಲ್ಲೂ ಒಮ್ಮತವಿಲ್ಲ, ಪಂಚಾಂಗದಲ್ಲೂ ಇಲ್ಲ. ಜಗಳ ಬೇಡವೆಂದು ಇಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿದ್ದಾರೆ. ನನ್ನ ಮಾತು ನಿಮಗೆ ವಿಚಿತ್ರ ಎನಿಸಿದರೆ ಕ್ಷಮಿಸಿ. ಬಹಳ ಕಾಲ ಯಾರೊಡನೆಯೂ ಆಡದ ಕನ್ನಡ ಇದು. ಈ ಪತ್ರ ಹಿಂದಿನ ಕಾಲಕ್ಕೆ ಹೇಗೆ ತಲುಪೀತೋ ನನಗೂ ತಿಳಿಯದು.

ನಾನು ಇಲ್ಲಿಯ ನಡುಗಾವಲಿನವನು. ಈ ಬಂಡೆ ತಮ್ಮದೆಂದು ಮೂರೂ ದೇಶಗಳು ಹಟ ಹಿಡಿದಿವೆ. ಆದ್ದರಿಂದ ದೀಪ ನೋಡಿಕೊಳ್ಳಲು ಈ ಕಡಲಿನ ಮೇಲೆ ಯಾವ ಹಕ್ಕನ್ನೂ ಕೇಳದ ದೇಶದವನು ಬೇಕು, ಅವನೇ ನಡುಗಾವಲಿನವನು. ಬಂಡೆಗೆ ಮೂರು ಹೆಸರುಗಳಿವೆ, ಒಂದನ್ನೂ ನಾನು ಉಚ್ಚರಿಸುವಂತಿಲ್ಲ. ಅಕ್ಕಿ, ಉಪ್ಪಿನಕಾಯಿ, ಬೆಂಕಿಪೆಟ್ಟಿಗೆ ಎಲ್ಲವೂ ಆಳಿಲ್ಲದ ದೋಣಿಯಲ್ಲಿ ಬರುತ್ತವೆ. ಇಳಿಸಿಕೊಂಡ ಮೇಲೆ ಆ ಖಾಲಿ ದೋಣಿಗೇ ಹೋಗಿ ಬಾ ಎನ್ನುತ್ತೇನೆ. ಹುಚ್ಚು ಎನ್ನಿ, ಪರವಾಗಿಲ್ಲ.

ಮೂರರಲ್ಲಿ ಯಾವ ದೇಶದವರ ಕಾಲು ಬಂಡೆಗೆ ತಾಗಿದರೂ ಬಂಡೆ ಆ ದೇಶದ್ದಾಗುತ್ತದೆ, ಒಪ್ಪಂದ ಹಾಗಿದೆ. ಹಾಗಾಗಿ ಮುಳುಗುತ್ತಿರುವವರನ್ನು ಮೇಲೆತ್ತಿದರೂ ಒಳಗೆ ಕರೆಯುವಂತಿಲ್ಲ. ನೀರಿನ ಮೇಲೆ ಕಟ್ಟಿದ ತೂಗುಬಲೆಯಲ್ಲಿ ಮಲಗಿಸಬೇಕು, ಅವರ ದೇಶದ ಹಡಗು ಬಂದು ಒಯ್ಯುವವರೆಗೆ.

ಹೋದ ತಿಂಗಳ ಬಿರುಗಾಳಿಯಲ್ಲಿ ಮುಳುಗುತ್ತಿದ್ದ ಮುದಿ ಮೀನುಗಾರರೊಬ್ಬರು ಸಿಕ್ಕಿದರು. ಬಲೆಯಲ್ಲಿ ಮಲಗಿಸಿದೆ. ಮೂರೂ ದೇಶದ ಹಡಗುಗಳು ಬಂದು ನಿಂತವು. ಒಬ್ಬರು ಮುಂದೆ ಬಂದರೆ ಇನ್ನಿಬ್ಬರು ಫಿರಂಗಿ ತಿರುಗಿಸುತ್ತಿದ್ದರು. ಮುದುಕರೋ, ತಮ್ಮ ದೇಶ ಯಾವುದೆಂದು ಬಾಯಿ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರ ತುಟಿ ನೀಲಿಗಟ್ಟಿತು.

ಹೊತ್ತುಕೊಂಡು ಒಳಗೆ ತಂದೆ. ಒಲೆಯ ಪಕ್ಕ ಕೂರಿಸಿ ಬಿಸಿ ಗಂಜಿ ಬಡಿಸಿದೆ. ಕರುಣೆಯೆಂದು ತಿಳಿಯಬೇಡಿ ಅಜ್ಜಿ. ಒಬ್ಬನೇ ಕೂತು ಉಂಡು ಉಂಡು ನನಗೆ ಸಾಕಾಗಿತ್ತು.

ರೇಡಿಯೋದಲ್ಲಿ ಮೂರೂ ಹಡಗಿನವರು ಒಟ್ಟಿಗೆ ಅರಚಿದರು, ಅವನು ಯಾರ ಕಡೆಯವನು ಎಂದು. ನನ್ನ ಬಾಯಿಗೆ ಬಂದದ್ದು ನಮ್ಮ ಮರವಂತೆಯ ಮಾತೇ: "ಇವ್ರ್ ನಮ್ ಮನಿಗ್ ಬಂದ್ ನೆಂಟ್ರ್. ಉಂಡಾದ್ ಮೇಲೆ ಮಾತಾಡ್ವ."

ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾಗದ್ದರಿಂದ ಯಾರೂ ಗುಂಡು ಹಾರಿಸಲಿಲ್ಲ. ಮುದುಕರು ಎರಡನೇ ಸಲ ಗಂಜಿ ಹಾಕಿಸಿಕೊಂಡು, ನನ್ನ ತಟ್ಟೆ ಖಾಲಿಯಿರುವುದನ್ನು ಕಂಡು ತಮ್ಮದರಿಂದ ಅರ್ಧ ಸುರಿದರು. ನಾನು ಅತ್ತುಬಿಟ್ಟೆ. ಸಂಜೆ, ಯಾರ ಕಡೆಯದೂ ಅಲ್ಲದ ಆ ಆಳಿಲ್ಲದ ದೋಣಿಯೇ ಅವರನ್ನು ಕರೆದೊಯ್ದಿತು. ಬದುಕಿದ್ದಾರೆಂದು ಆಮೇಲೆ ತಿಳಿಯಿತು.

ನನಗೆ ಶಿಕ್ಷೆಯಾಗಿದೆ. ರೇಡಿಯೋ ಕಿತ್ತುಕೊಂಡಿದ್ದಾರೆ. ಕೂಗು ಕೇಳುವಷ್ಟು ಹತ್ತಿರ ಜನರಿರುವ ಯಾವ ದೋಣಿಯೂ ಬರಬಾರದೆಂದು ಆಜ್ಞೆಯಾಗಿದೆ. ದೀಪ ಮಾತ್ರ ನಾನು ಹಚ್ಚಲೇಬೇಕು.

ನೀವು ಸರಕು ಹಡಗಿನ ಅಧಿಕಾರಿಯಾಗಿ ಇದೇ ಕಡಲಲ್ಲಿ ಓಡಾಡಿದವರೆಂದು ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ನಿಮ್ಮ ಕಾಲದಲ್ಲಿ ಇನ್ನೂ ನಕ್ಷೆಯ ಮೇಲೆ ಗೆರೆಗಳಷ್ಟೇ ಇವೆ, ಬಲೆ ಕಟ್ಟಿಲ್ಲ. ನೀರಿಗೆ ಬಿದ್ದವರ ಊರು ಕೇಳುವ ಅಭ್ಯಾಸ ನಿಮ್ಮವರಿಗೆ ಅಂಟದಂತೆ ನೋಡಿಕೊಳ್ಳಿ.

ಇನ್ನೊಂದು ಕೋರಿಕೆ, ಸ್ವಂತದ್ದು. ಈ ದಾರಿಯಲ್ಲಿ ಬಂದಾಗ ಅಲೆ ಬಡಿಯುವ ಒಂಟಿ ಬಂಡೆ ಕಂಡರೆ ಹಡಗಿನ ಹಾರ್ನ್ ಒಮ್ಮೆ ಹೊಡೆಯಿರಿ. ನಾನಿನ್ನೂ ಹುಟ್ಟಿರುವುದಿಲ್ಲ, ಬಂಡೆಯ ಮೇಲೆ ಯಾರೂ ಇರುವುದಿಲ್ಲ. ಆದರೂ ಹೊಡೆಯಿರಿ ಅಜ್ಜಿ.

ನಿಮ್ಮ
ತಿಲಕ