ಸಿಂಗಲ್ ರೀಡೋ, ಡಬಲ್ ರೀಡೋ

ಕಂಪ್ಲಿ, ೧೨ ಡಿಸೆಂಬರ್ ೧೯೩೪, ಬುಧವಾರ

ಹಾರ್ಮೋನಿಯಂ ವಿಚಾರ ಇವತ್ತೂ ಬಗೆಹರಿಯುವುದಿಲ್ಲ ಎಂದುಕೊಂಡಿದ್ದೆ. ಹಳೆಯ ಪೇಟಿಯ ತಿದಿ ಹರಿದದ್ದಕ್ಕೆ ಹೊಸಪೇಟೆಯ ಅಂಗಡಿಯವನು ಎರಡು ಪೇಟಿ ಕೊಟ್ಟು, ನುಡಿಸಿ ನೋಡಿ ಒಂದನ್ನು ಇಟ್ಟುಕೊಳ್ಳಿ ಎಂದಿದ್ದಾನೆ. ಒಂದು ಸಿಂಗಲ್ ರೀಡು, ಹಳೆಯದರಂತೆ ಮೆಲುದನಿಯದು. ಇನ್ನೊಂದು ಡಬಲ್ ರೀಡು, ಬೀದಿಗೆಲ್ಲ ಕೇಳುವಂಥದು.

ಸಂಜೆ ನಾಟಕದ ತಾಲೀಮಿಗೆ ಸಿಂಗಲ್ ಒಯ್ದೆ. ಅಕ್ಕಿ ಗಿರಣಿಯ ಗೋದಾಮಿನಲ್ಲಿ ಸೂರಿನ ತನಕ ಭತ್ತದ ಚೀಲ. ಸ್ವರವನ್ನೆಲ್ಲ ಅವೇ ನುಂಗಿದವು. ದುರ್ಯೋಧನನ ಪಾತ್ರದ ಗಿರಣಿ ಮಾಲೀಕ ದೊಡ್ಡಬಸಪ್ಪ ಗದೆ ಊರಿ ನಿಂತು, “ಮಾಸ್ತರ್ರ, ಪೇಟಿ ನುಡಸಾಕ ಹತ್ತೀರೋ, ಬರೇ ಗಾಳಿ ಹಾಕಾಕ ಹತ್ತೀರೋ?” ಎಂದ. ಎಲ್ಲರೂ ನಕ್ಕರು. ಸಿಟ್ಟು ಬಂತು. ಡಬಲ್ಲೇ ಸೈ ಎಂದು ತೀರ್ಮಾನಿಸಿ ಮನೆಗೆ ಬಂದೆ.

ಬಂದವನೇ ಅದನ್ನು ತೆಗೆದು ಒಂದು ವಚನ ನುಡಿಸಿದೆ. ತುಂಬು ನಾದ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಮರುಳಸಿದ್ದಮ್ಮ ಒಳಗಿನಿಂದಲೇ, “ಇದನ್ನ ಇಟ್ಕೋತೀರೇನ್ರಿ?” ಎಂದಳು. ಯಾಕೆ ಎಂದೆ.

“ಭಾಳ ಚಲೋ ಐತ್ರಿ. ಆದ್ರ ಹಳೇ ಪೇಟಿ ಕೂಡ ನಾನೂ ಹಾಡ್ತಿದ್ದೆ. ಇದ್ರಾಗ ನನ್ನ ದನಿ ನನಗ ಕೇಳವಲ್ದು.”

ಹನ್ನೊಂದು ವರ್ಷ ಈ ಮನೆಯಲ್ಲಿ ನುಡಿಸಿದ್ದೇನೆ. ಅವಳು ಹಾಡುತ್ತಾಳೆಂದು ಗೊತ್ತೇ ಇರಲಿಲ್ಲ.

ಸಿಂಗಲ್ ತೆಗೆದು ಅದೇ ವಚನ ಹಿಡಿದೆ. ಮೆಲ್ಲಗೆ, ಇನ್ನೂ ಮೆಲ್ಲಗೆ. ರೊಟ್ಟಿಯ ಸಪ್ಪಳದ ನಡುವೆ ಅವಳ ದನಿ ಕೇಳಿಸಿತು. ಶ್ರುತಿ ತುಸು ಇಳಿದಿತ್ತು. ತಿದ್ದಲಿಲ್ಲ.

ನಾಳೆ ಡಬಲ್ಲನ್ನು ಹೊಸಪೇಟೆಗೆ ವಾಪಸು ಕಳಿಸಬೇಕು. ದೊಡ್ಡಬಸಪ್ಪನಿಗೆ ಹೇಳಬೇಕು, ಚೀಲ ಸರಿಸಲಿ.