ತಮ್ಮನ ಪಾಲಿನ ಇಂಜೆಕ್ಷನ್

ಮೇ 26, ಸೋಮವಾರ

ಲಸಿಕೆ ಇವತ್ತೂ ಬಂದಿಲ್ಲ. ಮೆಡಿಕಲ್‌ನ ಮಜೀದ ಭಾಯ್ ಅವರದು ಮತ್ತೆ ಅದೇ ಹಾಡು. “ನಾಳಿ ಬರ್ತದ ಮೇಡಂ. ಕಲಬುರಗಿಂದ ಬರಬೇಕಲ್ಲ, ಬರಫ್ ಡಬ್ಬಿದಾಗ, ಐಸ್ ಹಾಕಿ.” ಅವರ ನಾಳೆ ಯಾವ ಕ್ಯಾಲೆಂಡರಿನಲ್ಲಿದೆಯೋ!

ನಮ್ಮ ಈ ಚಂದಾಪುರದಲ್ಲಿ ಕೇಳಿದವರಿಗೆಲ್ಲ ಅದೇ ಪುರಾಣ ಒಪ್ಪಿಸಬೇಕು — ತಮ್ಮ ರತ್ನದೀಪನಿಗೆ ಇಪ್ಪತ್ತು, ಡೌನ್ ಸಿಂಡ್ರೋಮ್, ಹೋದ ಮಳೆಗಾಲ ಫ್ಲೂ ಹೋಗಿ ನ್ಯುಮೋನಿಯಾ ಆಗಿ ಐಸಿಯು ಸೇರಿದ್ದ, ಈ ಸಲ ಮಳೆಗೆ ಮೊದಲೇ ಲಸಿಕೆ ಹಾಕಿಸಲೇಬೇಕೆಂದು ಡಾಕ್ಟರ್ ಹೇಳಿದ್ದಾರೆ. ಎಲ್ಲ ಕೇಳಿ ಕೊನೆಗೆ — “ಇಂಥಾ ಹುಡುಗರಿಗಿ ಅದೆಲ್ಲ ಯಾಕ್ರಿ, ಪಾಪ.” ಆ ‘ಪಾಪ’ ಕೇಳಿದರೆ ಮೈ ಉರಿಯುತ್ತದೆ.

ಜೂನ್ 2

ಬಂತು! ಒಂದೇ ಡೋಸ್. ನಾಳೆ ಕ್ಲಿನಿಕ್.

ಅಲ್ಲಿನ ಸಿಸ್ಟರ್ ಅಸ್ಫಿಯಾಗೆ ನಮ್ಮ ಮನೆಯ ಪದ್ಧತಿ ಹೇಳಿ ಬಂದೆ. ರತ್ನದೀಪನಿಗೆ ಏನೇ ಮಾಡಬೇಕಾದರೂ ಮೊದಲು ನನಗೆ ಮಾಡಿ ತೋರಿಸಬೇಕು. ಗುಳಿಗೆ, ಕಟಿಂಗ್, ಥರ್ಮಾಮೀಟರ್ — ಎಲ್ಲ. ನಾನು ನುಂಗಿದಂತೆ ನಟಿಸಿದರೆ ಅವನು ನುಂಗುತ್ತಾನೆ. “ಸೂಜಿ ಇಲ್ಲದ ಸಿರಿಂಜ್ ಇಡ್ತೀನಿ. ಫಿಕರ್ ಮಾಡಬ್ಯಾಡ್ರಿ” ಎಂದರು.

ಜೂನ್ 3, ಮಧ್ಯಾಹ್ನ

ಹಣೆ ಹಣೆ ಚಚ್ಚಿಕೊಳ್ಳಬೇಕು.

ಅಸ್ಫಿಯಾ ಊಟಕ್ಕೆ ಹೋಗಿದ್ದರು. ಕಂಪೌಂಡರ್ ಮಡಿವಾಳಯ್ಯ ಬಂದರು. ಅವರಿಗೂ ಗೊತ್ತಿರಬೇಕೆಂದುಕೊಂಡು “ಮೊದಲು ನನಗ್ರಿ” ಎಂದು ತೋಳು ಚಾಚಿದೆ. ಚುಚ್ಚಿಯೇ ಬಿಟ್ಟರು. ನಿಜವಾಗಿ. ಪೂರ್ತಿ.

“ಅಯ್ಯ, ಇದು ಇವಗ ತಂದದ್ರಿ!”

“ಇವಗ? ಸಾಲಿ ಟೀಚರ್ ನೀವು, ನಿಮಗೇ ಅನ್ಕೊಂಡೆ. ನೀವೇ ತೋಳು ಕೊಟ್ರಲ್ಲ?”

ಅಷ್ಟರಲ್ಲಿ ರತ್ನದೀಪ ತಾನೇ ತೋಳೇರಿಸಿ, ಕಣ್ಣು ಮುಚ್ಚಿ ಕುಳಿತಿದ್ದ. ಇಷ್ಟು ಸುಲಭವಾಗಿ ಯಾವತ್ತೂ ಒಪ್ಪಿದವನಲ್ಲ. ಕೊಡಲು ಏನೂ ಇರಲಿಲ್ಲ. ಮಡಿವಾಳಯ್ಯ ಸೂಜಿ ಇಲ್ಲದ ಸಿರಿಂಜ್ ಒತ್ತಿ, ಹತ್ತಿ ಅಂಟಿಸಿ “ಶಾಬಾಸ್” ಎಂದರು. ನಾನೂ ಚಪ್ಪಾಳೆ ತಟ್ಟಿದೆ… ಇನ್ನೇನು ಮಾಡಲಿ? ಬಜಾರಿನ ತುಂಬ ಹತ್ತಿ ತೋರಿಸುತ್ತ ಬಂದ.

ನನ್ನ ತೋಳು ನೋಯುತ್ತಿದೆ.

ಜೂನ್ 14

ಮಳೆ ಹಿಡಿದಿದೆ. ಕೊಡ್ಲಿ ಊರಿನ ಶಾಲೆಯಲ್ಲಿ ನನ್ನ ಕ್ಲಾಸಿನ ಅರ್ಧ ಮಕ್ಕಳಿಗೆ ಕೆಮ್ಮು, ಜ್ವರ. ಮನೆಗೆ ಬಂದರೆ ಇವನು ಓಡಿ ಬಂದು ತಬ್ಬಿಕೊಳ್ಳುತ್ತಾನೆ. ದೂರ ನಿಲ್ಲು ಎಂದು ಗದರುತ್ತೇನೆ.

ಇನ್ನೊಂದು ಡೋಸ್ ಬಂದು ಮಜೀದ ಭಾಯ್ ಅಂಗಡಿಯ ಫ್ರಿಜ್‌ನಲ್ಲಿ ಕುಳಿತಿದೆ. ಇವನು ಹೊರಡಬೇಕಲ್ಲ? “ನಂದು ಆಗ್ಯಾದ” ಅಂತ ತೋಳು ತೋರಿಸುತ್ತಾನೆ. ಅವ್ವನ ಸಲಹೆ — “ಐಸ್‌ಕ್ರೀಮ್ ಕೊಡಸ್ತೀನಿ ಅಂತ ಸುಳ್ಳು ಹೇಳಿ ಕರ್ಕೊಂಡು ಹೋಗು, ಲುಂಬಿನಿ.” ಸುಳ್ಳಿನಿಂದಲೇ ಅಲ್ಲವೇ ಇಷ್ಟೆಲ್ಲ ಆಗಿದ್ದು?

ಜೂನ್ 15

ಹೇಳಿಬಿಟ್ಟೆ.

“ಅವತ್ತು ನಿನಗ ಸೂಜಿ ಹಾಕಿಲ್ಲ. ನನಗ ಹಾಕ್ಯಾರ. ಅದು ಹಾಕ್ಸಿಲ್ಲಂದ್ರ ಮತ್ತ ದವಾಖಾನಿ, ಮೂಗಿಗಿ ಪೈಪು… ಬಂದ್ರೂ ಬರಬಹುದು.”

ಮೂಗು ಮುಟ್ಟಿಕೊಂಡ.

“ಇಂಜೆಕ್ಷನ್ ನಂದಿತ್ತಾ?”

“ನಿಂದೇ.”

“ಮತ್ತ ನೀ ಯಾಕ ತಗೊಂಡಿ?”

ತಗೊಂಡಂತೆ ನಟಿಸಲು ಹೋಗಿ ಹೀಗಾಯಿತೆಂದೆ. ಊಟ ನಿಲ್ಲಿಸಿ ಕೇಳಿದ — “ಗುಳಗಿನೂ ನೀ ತಿಂದಿಲ್ಲೇನು?” ಇಲ್ಲ ಎಂದೆ. ತಟ್ಟೆ ತಳ್ಳಿ ಎದ್ದು ಹೋದ.

ಜೂನ್ 18

ಮಾತಿಲ್ಲ. ಥೈರಾಯ್ಡ್ ಗುಳಿಗೆಯೂ ಬೇಡವಂತೆ. ನಾನು ನಿಜವಾಗಿ ಒಂದು ವಿಟಮಿನ್ ಗುಳಿಗೆ ನುಂಗಿ, ಬಾಯಿ ಅಗಲಿಸಿ ತೋರಿಸಿದೆ. ಮುಖ ತಿರುಗಿಸಿದ. ಸಿಟ್ಟಿಗೆದ್ದು ಕೂಗಾಡಿದೆ. ಅವ್ವ ಇಬ್ಬರಿಗೂ ಬೈದಳು. ಹಾಳಾದ ನಿಜ… ಸುಳ್ಳೇ ವಾಸಿಯಿತ್ತು. ಅವನು ಒಂದು ಸೀನು ಸೀನಿದರೆ ಥರ್ಮಾಮೀಟರ್ ಹುಡುಕುತ್ತೇನೆ.

ಜೂನ್ 21, ಕ್ಲಿನಿಕ್‌ನಲ್ಲಿ

ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. “ನಡಿ. ಪೈಪು ಬ್ಯಾಡ ನಂಗ.” ಅಷ್ಟೇ. ದಾರಿಯಲ್ಲಿ ಮಜೀದ ಭಾಯ್ ಹತ್ತಿರ ಡೋಸ್ ತೆಗೆದುಕೊಂಡೆ.

ಅಸ್ಫಿಯಾ ಕರೆದಾಗ ನಾನೂ ಎದ್ದೆ. ತಡೆದ. “ನೀ ಹೊರಗ ಕುಂದ್ರು.”

“ಒಬ್ಬನೇ? ಯಾಕೋ?”

“ನೀ ನಂದು ತಗೋತಿ.”

ಅಸ್ಫಿಯಾ ನಗು ತಡೆದುಕೊಂಡು ಬಾಗಿಲು ಹಾಕಿದರು. ನನಗೆ ನಗು ಬರಲಿಲ್ಲ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಒಳಗೆ ಅವರು ಏನೋ ಕೇಳಿದರು. ನನ್ನನ್ನಲ್ಲ, ಅವನನ್ನೇ. “ಹ್ಞೂಂ” ಎಂದ. ಆಮೇಲೆ ಸದ್ದಿಲ್ಲ. ಇಷ್ಟು ಹೊತ್ತು ಯಾಕೆ…

ಕಿರುಚಿದ. ಎದ್ದುಬಿಟ್ಟೆ.

“ಅಕ್ಕಾ, ಬರಬ್ಯಾಡ! ನಂದು ನಂಗೇ ಹಾಕ್ಯಾರ!”

ಅಳುತ್ತಿದ್ದಾನೋ ನಗುತ್ತಿದ್ದಾನೋ… ಎರಡೂ ಇರಬೇಕು… ಬಾಗಿಲು ತೆರೆಯುತ್ತಿದೆ —